ಸಣ್ಣ ಮಾತಿಗೊಂದು ಜಾಗ

ಹೋದ ತಿಂಗಳು ಮೇಡಂ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಹೇಳಿದವರು ದೊಡ್ಡಬಳ್ಳಾಪುರದಲ್ಲಿರುವ ಅವರ ಅತ್ತಿಗೆ. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಂಡೇ ಕೇಳಿಸಿಕೊಂಡೆ. ನಾನು ಬಾಯಿ ಬಿಡುವ ಮೊದಲೇ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ “ಅಯ್ಯೋ ಪಾಪ” ಅಂದಳು. ಅಂಥ ಗಳಿಗೆಯಲ್ಲೂ ನನಗೆ ನಗು ಬಂತು. ಆ ಮನೆಯವರ ಸುದ್ದಿಯನ್ನು ಒಬ್ಬರೇ ಕೇಳಿಸಿಕೊಳ್ಳುವುದು ಯಾವತ್ತೂ ಸಾಧ್ಯವಾಗಿಲ್ಲ.

ಮೇಡಂ ಎಂದಷ್ಟೇ ಹೇಳುತ್ತೇನೆ. ಹೆಸರು ಬೇಡ. ಬದುಕಿದ್ದಾಗ ಅದನ್ನು ಅವರೇ ಬೇಕಾದಷ್ಟು ಜೋರಾಗಿ ಹೇಳಿಕೊಂಡಿದ್ದಾರೆ. ಊರು ಬೆಳೆದ ಹಾಗೆ ಎಲ್ಲಿ ರಸ್ತೆ ಬರಬೇಕು, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹಸಿರು ಎಂದು ನಕ್ಷೆಯ ಮೇಲೆ ಬಣ್ಣ ಬಳಿಯುವ ಕಚೇರಿ ನಮ್ಮದು. ಅಲ್ಲಿ ಅವರು ನನಗಿಂತ ಒಂದು ಮೆಟ್ಟಿಲು ಮೇಲಿದ್ದರು, ದನಿಯಲ್ಲಿ ಇಡೀ ಕಚೇರಿಗಿಂತ ಮೇಲಿದ್ದರು. ಅವರು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ನಡುಮನೆಯಲ್ಲೇ ಪವರ್‌ಲೂಮು, ಪಕ್ಕದ ಮನೆಯಲ್ಲೂ ಅದೇ, ಎದುರು ಮನೆಯಲ್ಲೂ ಅದೇ. ಮಗ್ಗದ ಬಡಿತದ ನಡುವೆ ಮಾತು ಕಲಿತವರಿಗೆ ಕೂಗುವುದೂ ಮಾತಾಡುವುದೂ ಬೇರೆ ಬೇರೆಯಲ್ಲ. “ಉಪ್ಪು ಕೊಡಿ” ಅನ್ನುವುದನ್ನು ಅವರು ಹೇಳಿದರೆ ಹೊಸಬರು ಊಟ ಬಿಟ್ಟು ಏಳುತ್ತಿದ್ದರು.

ಹೀಗಾಗಿ ನಮ್ಮ ಕಚೇರಿಯಲ್ಲಿ ಗುಟ್ಟು ಅನ್ನುವುದು ಉಳಿದಿರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಸೈಟು ಬ್ರೋಕರುಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮನೆ ಕೂತಿರುತ್ತಿದ್ದರು. ಅವರಿಗೆ ಟೀ ಮೇಲೆ ಅಷ್ಟೊಂದು ಪ್ರೀತಿ ಇರಲಿಲ್ಲ. ಒಂದು ದಿನ ಮೇಡಂ ಫೈಲೊಂದನ್ನು ಎದೆಗವಚಿಕೊಂಡು ನನ್ನ ಮೇಜಿನ ಹತ್ತಿರ ಬಗ್ಗಿ, ಅವರ ಲೆಕ್ಕದಲ್ಲಿ ಪಿಸುಗುಟ್ಟಿದರು. “ಇದು ತುಂಬಾ ಕಾನ್ಫಿಡೆನ್ಶಿಯಲ್ಲು ಕಣ್ರೀ. ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು.” ಕಿಟಕಿಯಾಚೆಯಿಂದ ಒಂದು ದನಿ ವಿನಯವಾಗಿ ಕೇಳಿತು: “ಯಾವ ಸರ್ವೆ ನಂಬರ್ ಮೇಡಂ?”

ನಾನು ಆ ಕೆಲಸಕ್ಕೆ ಸೇರಿದ ಕಾಲಕ್ಕೆ ಹಸಿರು ನಾವು ಕೊನೆಗೆ ಬಳಿಯುತ್ತಿದ್ದ ಬಣ್ಣ. ಮೊದಲು ರಸ್ತೆ, ಆಮೇಲೆ ಸೈಟು, ಆಮೇಲೆ ಅಂಗಡಿಸಾಲು. ಎಲ್ಲ ಮುಗಿದ ಮೇಲೆ ಯಾವ ಉಪಯೋಗಕ್ಕೂ ಬಾರದ ಮೂಲೆಗಳು ಉಳಿಯುತ್ತಿದ್ದವಲ್ಲ, ಹೈಟೆನ್ಷನ್ ತಂತಿಯ ಕೆಳಗಿನದು, ದೊಡ್ಡ ಮೋರಿಯ ಪಕ್ಕದ್ದು, ಎರಡು ರಸ್ತೆ ಕೂಡುವ ಕಡೆ ಸಿಕ್ಕುವ ಮೂರು ಮೂಲೆಯದು, ಅದಕ್ಕೆ ಹಸಿರು ಬಳಿದು ‘ಉದ್ಯಾನವನ’ ಎಂದು ಬರೆದರೆ ನಮ್ಮ ಧರ್ಮ ಮುಗಿಯಿತು. ಮೇಡಂ ನನ್ನ ಮೊದಲ ನಕ್ಷೆ ನೋಡಿ ಸೊಂಟದ ಮೇಲೆ ಕೈಯಿಟ್ಟರು. “ಹೋಳಿಗೆ ಎಲ್ಲಾ ತಟ್ಟಾದ್ಮೇಲೆ ಉಳಿದ ಕಣಕದಲ್ಲಿ ಮಕ್ಕಳಿಗೆ ಗುಬ್ಬಿ ಮಾಡ್ಕೊಡ್ತಾರಲ್ಲ, ಹಂಗಿದೆ ಕಣ್ರೀ ನಿಮ್ಮ ಪಾರ್ಕು. ತಂತಿ ಕೆಳಗೆ ಕೂತ್ಕೊಂಡು ಯಾರು ಸುಖದುಃಖ ಮಾತಾಡ್ತಾರೆ? ತಲೆಗೂದಲು ನೆಟ್ಟಗೆ ನಿಂತ್ಕೊಳತ್ತೆ!” ಟೀ ಅಂಗಡಿಯಲ್ಲಿ ನಗು ಕೇಳಿಸಿತು. ನನಗೆ ಆ ದಿನ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಹಸಿರು ಎಲ್ಲಿರಬೇಕು ಎನ್ನುವುದಕ್ಕೆ ಅವರದೇ ಆದ ಸೂತ್ರಗಳಿದ್ದವು. ಒಂದು ಸಿಕ್ಕಿದ್ದು ದೊಡ್ಡಬಳ್ಳಾಪುರದ ಪಕ್ಕದ ಮಧುರೆ ಹೋಬಳಿ ಕಡೆ. ಯಾವುದೋ ಹಳೆಯ ಕರಡಿನಲ್ಲಿ, ಸುತ್ತ ರಾಗಿ ಹೊಲಗಳಿರುವ ಜಾಗದ ನಟ್ಟನಡುವೆ ಯಾರೋ ಪುಣ್ಯಾತ್ಮರು ವಿಶಾಲವಾದ ಉದ್ಯಾನವನ ತೋರಿಸಿದ್ದರು. ಜಾಗ ನೋಡಲು ಹೋದೆವು. ಬದುವಿನ ಮೇಲೆ ಕೂತಿದ್ದ ರೈತನೊಬ್ಬ ಇಲ್ಲೇನು ಮಾಡ್ತೀರಿ ಎಂದು ಕೇಳಿದ. ಪಾರ್ಕು ಎಂದೆ. ಹಾಗಂದರೇನು ಎಂದ. ಹುಲ್ಲು ಬೆಳೆಸಿ, ಮರ ನೆಟ್ಟು, ಕೂರುವುದಕ್ಕೆ ಬೆಂಚು ಹಾಕುತ್ತೇವೆ ಎಂದೆ. ಆತ ತಲೆ ತಿರುಗಿಸಿ ಸುತ್ತ ಒಂದು ಸಲ ನೋಡಿದ. “ಬೆಂಚೊಂದು ಕಳ್ಸಿ ಸ್ವಾಮಿ, ಸಾಕು” ಅಂದ. ಮೇಡಂ ಜೀಪು ಹತ್ತುವವರೆಗೂ ನಕ್ಕರು. ಅಂದಿನಿಂದ ಯಾವ ಸಭೆಯಲ್ಲಿ ಯಾರು ಪಾರ್ಕಿನ ಮಾತೆತ್ತಿದರೂ ಅವರದು ಒಂದೇ ಪ್ರಶ್ನೆ: “ಅಲ್ಲಿಗೆ ಪಾರ್ಕು ಬೇಕೋ, ಬೆಂಚು ಸಾಕೋ?”

ಇನ್ನೊಂದು ಸೂತ್ರ ದೂರದ್ದು. ಪಾರ್ಕು ಮನೆಯಿಂದ ಎಷ್ಟು ದೂರ ಇರಬೇಕು? ಪುಸ್ತಕದಲ್ಲಿ ಮೀಟರಿನ ಲೆಕ್ಕವಿದೆ. ಮೇಡಂ ಲೆಕ್ಕ ಬೇರೆ. “ನೈಟಿ ಮೇಲೆ ಒಂದು ಟವೆಲ್ ಹಾಕ್ಕೊಂಡು, ಹವಾಯಿ ಚಪ್ಪಲಿ ಮೆಟ್ಕೊಂಡು ಎಷ್ಟು ದೂರ ಹೋಗಬಹುದೋ ಅಷ್ಟು ದೂರ. ಅದಕ್ಕಿಂತ ಒಂದು ಹೆಜ್ಜೆ ಆಚೆ ಇದ್ರೂ ಸೀರೆ ಉಟ್ಕೋಬೇಕಾಗತ್ತೆ. ಸೀರೆ ಉಟ್ಟಮೇಲೆ ಯಾವಳ್ರೀ ಪಾರ್ಕಿಗೆ ಹೋಗ್ತಾಳೆ? ನೆಂಟರ ಮನೆಗೇ ಹೋಗ್ತಾಳೆ!” ಇದನ್ನು ವರದಿಯಲ್ಲಿ ಬರೆಯುವ ಗ್ರಹಚಾರ ನನ್ನದು. ತಿಣುಕಾಡಿ ‘ಸ್ಥಳೀಯ ಮಹಿಳೆಯರ ದೈನಂದಿನ ಉಡುಪಿನ ಪಾದಚಾರಿ ವ್ಯಾಪ್ತಿ’ ಎಂದು ಬರೆದೆ. ಮೇಲಿನ ಕಚೇರಿಯ ದೊಡ್ಡ ಸಾಹೇಬರು ಅದರ ಪಕ್ಕದಲ್ಲಿ, ‘ಅರ್ಥವಾಗಲಿಲ್ಲ, ಆದರೆ ಚೆನ್ನಾಗಿದೆ’ ಎಂದು ಬರೆದು ಕಳಿಸಿದರು.

ಇವೆಲ್ಲ ತಮಾಷೆಯಾಗಿಯೇ ನಡೆದುಹೋಗುತ್ತಿದ್ದವು, ಹೊಂಗೆ ತೋಪಿನ ವಿಷಯ ಬರುವವರೆಗೆ. ಮೇಡಂ ಹುಟ್ಟಿದ ಬೀದಿಯ ಕೊನೆಯಲ್ಲಿ, ಮನೆಗಳು ಮುಗಿದು ಸ್ವಲ್ಪ ಇಳಿಜಾರಾದ ಕಡೆ, ಸರ್ಕಾರಿ ಜಾಗದಲ್ಲಿ ಹಳೆಯ ಹೊಂಗೆ ಮರಗಳ ಒಂದು ತೋಪಿತ್ತು. ಮುಚ್ಚಿಹೋದ ಬಾವಿ, ಒಂದು ಮುರುಕು ಕಟ್ಟೆ, ಒಂದಷ್ಟು ಕಸ. ನೋಡಿದರೆ ಯಾರಿಗೂ ಪ್ರೀತಿ ಹುಟ್ಟುವ ಜಾಗವಲ್ಲ. ಹೊಸ ನಕ್ಷೆಯಲ್ಲಿ ಮೇಡಂ ಅದಕ್ಕೆ ಹಸಿರು ಬಳಿದರು, ಅದೂ ಎಲ್ಲಕ್ಕಿಂತ ಮೊದಲು. ಆ ವಾರ್ಡಿನ ಮೆಂಬರಿಗೆ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸುವ ಆಸೆ. ಪಾರ್ಕು ಬೇಕಾದರೆ ಊರಾಚೆ ಹೊಸ ಬಡಾವಣೆಯಲ್ಲಿ ಜಾಗ ಇದೆಯಲ್ಲ ಎಂದು ಆತನ ವಾದ. ಇತ್ತು, ನಿಜ. ಮೂರು ಮೂಲೆಯದು, ಮೇಲೆ ಹೈಟೆನ್ಷನ್ ತಂತಿ.

“ಇಲ್ಲೇ ಯಾಕೆ ಬೇಕು ಅನ್ನೋದಕ್ಕೆ ಕಾರಣ ಬರೀಬೇಕು ಮೇಡಂ” ಎಂದೆ. “ಬನ್ನಿ, ತೋರಿಸ್ತೀನಿ” ಎಂದು ನನ್ನ ಕೈಗೆ ನಕ್ಷೆ, ಪೆನ್ಸಿಲು ಕೊಟ್ಟು ಅವರ ಬೀದಿಗೆ ಕರೆದುಕೊಂಡು ಹೋದರು. ಅತ್ತಿಗೆಯನ್ನು ಮೊದಲು ನೋಡಿದ್ದು ಆಗಲೇ. ಮೇಡಂ ಅಣ್ಣನ ಹೆಂಡತಿ, ದಿನವಿಡೀ ಮಗ್ಗದ ಮುಂದೆ ನಿಲ್ಲುವವರು. ಬೀದಿಯ ಎರಡೂ ಕಡೆ ಮಗ್ಗಗಳು ಬಡಿಯುತ್ತಿದ್ದವು. ನನ್ನ ಹಲ್ಲೂ ಅದರ ಜೊತೆ ಬಡಿಯುತ್ತಿದೆಯೇನೋ ಎನ್ನಿಸಿತು. ನಾದಿನಿ ಅತ್ತಿಗೆ ಇಬ್ಬರೂ ಮುಂದೆ ನಡೆದರು, ಮಾತಾಡುತ್ತ. ವಿಷಯ ಯಾರದೋ ಮನೆಯ ಸೀಮಂತ. ಕೇಳಿದರೆ ಕೊಲೆಯ ಜಗಳ. ನನ್ನ ಕೆಲಸ ಏನೆಂದರೆ, ಅವರ ದನಿ ಎಲ್ಲಿ ಇಳಿಯುತ್ತದೋ ಅಲ್ಲಿ ನಕ್ಷೆಯ ಮೇಲೆ ಗುರುತು ಹಾಕುವುದು.

ಬೀದಿ ಮುಗಿಯಿತು, ಇಳಿಜಾರು ಬಂತು, ಹೊಂಗೆಯ ನೆರಳು ಬಂತು. ಇದ್ದಕ್ಕಿದ್ದಂತೆ ಮಾತು ನಿಂತುಹೋಯಿತು. ನನ್ನ ಕಿವಿಯೇ ಕಟ್ಟಿಕೊಂಡಿತೇನೋ ಎಂದು ಬೆರಳು ಹಾಕಿ ಅಲುಗಾಡಿಸಿದೆ. ನೋಡಿದರೆ ಇಬ್ಬರ ತುಟಿಯೂ ಆಡುತ್ತಲೇ ಇವೆ. ಸೀಮಂತದ ಕಥೆ ನಡೆದೇ ಇದೆ. ಮಗ್ಗದ ಸದ್ದು ದೂರದಲ್ಲಿ ಎಲ್ಲೋ ಗುಂಯ್‌ಗುಡುತ್ತಿತ್ತು, ಅವರು ಉಳಿದ ಜನರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಮೇಡಂಗೆ ಅಂಥದೊಂದು ದನಿ ಇದೆಯೆಂದು ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಪೆನ್ಸಿಲು ಹಿಡಿದವನು ಗುರುತು ಹಾಕುವುದನ್ನೇ ಮರೆತೆ.

ಅತ್ತಿಗೆ ಮಗ್ಗಕ್ಕೆ ಹಿಂದಿರುಗಿದ ಮೇಲೆ ಮೇಡಂ ಮುರುಕು ಕಟ್ಟೆಯ ಮೇಲೆ ಕೂತರು. “ದೊಡ್ಡ ಮಾತು ಕೂಗಿ ಹೇಳಬಹುದು ಕಣ್ರೀ. ಮದುವೆ ಗೊತ್ತಾಯ್ತು, ಮಗು ಆಯ್ತು, ಯಾರೋ ಹೋಗ್ಬಿಟ್ರು. ಸಣ್ಣ ಮಾತು ಎಲ್ಲಿ ಆಡೋದು? ನಂಗೆ ಭಯ ಆಗ್ತಿದೆ, ನಂಗೆ ಹೊಟ್ಟೆನೋವು, ನನ್ನದೇ ತಪ್ಪು ಅನ್ನೋದನ್ನೆಲ್ಲ ಕೂಗಿ ಹೇಳೋಕಾಗತ್ತಾ? ನಮ್ಮ ಬೀದೀಲಿ ಗಂಡ ಹೆಂಡ್ತಿ ರಾಜಿ ಆದ್ರೂ ಜಗಳದ ಹಂಗೇ ಕೇಳಿಸತ್ತೆ.” ಆಮೇಲೆ ತಮ್ಮದೇ ಕಥೆ ಹೇಳಿದರು. ಹತ್ತನೇ ಕ್ಲಾಸು ಮುಗಿದಾಗ ಅವರಪ್ಪ ಇನ್ನು ಓದು ಸಾಕು, ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಂಡು ಮನೆಯಲ್ಲಿರಲಿ ಎಂದಿದ್ದರಂತೆ. ಅಮ್ಮ ಒಂದು ಮಧ್ಯಾಹ್ನ ಸೌದೆಯ ನೆಪ ಮಾಡಿ ಇದೇ ಮರದ ಕೆಳಗೆ ಕರೆದುಕೊಂಡು ಬಂದರು. “ನಿಂಗೆ ಓದ್ಬೇಕು ಅಂತ ಇದ್ಯಾ? ಇದ್ರೆ ಹೇಳು. ನಿಮ್ಮಪ್ಪನ್ನ ನಾನು ನೋಡ್ಕೋತೀನಿ” ಎಂದು ಮೆಲ್ಲಗೆ ಕೇಳಿದರು. “ಮನೇಲಿ ಕೇಳಿದ್ರೆ ಅಪ್ಪಂಗೆ ಕೇಳಿಸ್ತಿತ್ತು. ಇಡೀ ಬೀದಿಗೇ ಕೇಳಿಸ್ತಿತ್ತು. ಈ ಮರ ಇಲ್ದೇ ಇದ್ದಿದ್ರೆ ಅಮ್ಮ ಆ ಮಾತು ಕೇಳ್ತಾನೇ ಇರ್ಲಿಲ್ಲ, ನಾನು ಇವತ್ತೂ ಕಂಡಿಕೆ ಸುತ್ತುತಾ ಇರ್ತಿದ್ದೆ.”

ಮರೆತಿದ್ದ ಗುರುತನ್ನು ನಕ್ಷೆಯ ಮೇಲೆ ಹಾಕಿದೆ. “ಇದನ್ನ ವರದೀಲಿ ಹೇಗೆ ಬರೀಲಿ ಮೇಡಂ?” ಎಂದೆ. “ಅದಕ್ಕೇ ತಾನೇ ನಿಮಗೆ ಸಂಬಳ ಕೊಡೋದು” ಎಂದರು.

‘ಶಬ್ದರಹಿತ ಸಾಮಾಜಿಕ ಅವಕಾಶ’ ಎಂದು ಬರೆದೆ. ಮೆಂಬರು ಬಿಡಲಿಲ್ಲ, ಮೇಲಿನವರಿಗೆ ತಕರಾರು ಕೊಟ್ಟ. ದೊಡ್ಡ ಸಾಹೇಬರು ತಾವೇ ಬಂದು ಕಣ್ಣಾರೆ ನೋಡಿ ತೀರ್ಮಾನಿಸುವುದಾಗಿ ಹೇಳಿದರು. ಅವರ ಡೈರಿಯಲ್ಲಿ ಬಿಡುವೇ ಇರಲಿಲ್ಲ. ಉದ್ಘಾಟನೆ, ಗುದ್ದಲಿಪೂಜೆ, ಸಭೆ, ಸಮಾರಂಭ. ಕೊನೆಗೂ ಒಂದು ದಿನ ಇಡೀ ಖಾಲಿ ಸಿಕ್ಕಿತು. ಮೇಡಂ ಹಿಗ್ಗಿ ಹೀರೇಕಾಯಿಯಾದರು. ಆ ದಿನ ಮಾತ್ರ ಅಷ್ಟು ಖಾಲಿ ಯಾಕಿದೆ ಎಂದು ನಾವ್ಯಾರೂ ಕೇಳಿಕೊಳ್ಳಲಿಲ್ಲ.

ಬೀದಿಯ ಬಾಯಲ್ಲಿ ಕಾರು ನಿಂತಿತು. ದೊಡ್ಡ ಸಾಹೇಬರು ಇಳಿದರು. ಅವರು ನಾಜೂಕಿನ ಮನುಷ್ಯ, ಸಣ್ಣ ದನಿಯವರು. ಮೆಂಬರು ಹಾರ ಹಾಕಿದ. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಸಿದ್ಧನಾಗಿದ್ದೆ. ಆದರೆ ಏನೋ ಸರಿಯಿಲ್ಲ. ಕಾಗೆಯೊಂದು ಕೂಗಿದ್ದು ಕೇಳಿಸಿತು. ಯಾರ ಮನೆಯಲ್ಲೋ ಲೋಟ ಬಿದ್ದದ್ದು ಕೇಳಿಸಿತು. ಮೇಡಂ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: “ಅಯ್ಯೋ ಶಿವನೇ, ಇವತ್ತು ಅಮಾಸೆ ಕಣ್ರೀ!” ಬೀದಿಯ ಆ ಕೊನೆಯಲ್ಲಿದ್ದ ಎಮ್ಮೆಯೂ ತಲೆಯೆತ್ತಿ ನೋಡಿತು.

ಅಮಾವಾಸ್ಯೆಯ ದಿನ ಅಲ್ಲಿ ಮಗ್ಗ ನಿಲ್ಲಿಸುತ್ತಾರೆ. ಅಜ್ಜನ ಕಾಲದಿಂದ ಬಂದ ರಜೆ. ಅಮಾವಾಸ್ಯೆ ಎಂದೇ ಸಾಹೇಬರ ಡೈರಿಯಲ್ಲಿ ಯಾರೂ ಶುಭಕಾರ್ಯ ಇಟ್ಟುಕೊಂಡಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ಹೆಂಗಸು, ಮಗ್ಗದ ಸದ್ದು ಕೇಳಿಸುವುದಕ್ಕೆಂದು ಅಧಿಕಾರಿಯನ್ನು ಅಮಾವಾಸ್ಯೆಯ ದಿನವೇ ಕರೆತಂದಿದ್ದರು.

“ಸದ್ದು ಎಲ್ಲಿದೆ ಮೇಡಂ?” ಎಂದರು ದೊಡ್ಡ ಸಾಹೇಬರು. “ನಮ್ಮ ಕ್ವಾರ್ಟರ್ಸಿಗಿಂತ ಶಾಂತವಾಗಿದೆಯಲ್ಲ.”

ಮೆಂಬರು ಕೈಮುಗಿದು ಹಲ್ಲು ಬಿಟ್ಟ. “ನಾನು ಆವತ್ತೇ ಹೇಳ್ಲಿಲ್ವಾ ಸಾರ್? ಇವರ ಬೀದಿ ಇವರಿಗೆ ಮುದ್ದು, ಅಷ್ಟೇ.”

ಕೆಲಸ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬಂದರು. ಅಧಿಕಾರಿಯನ್ನು ಕಂಡು ಸಂತೋಷದಿಂದ, ತಮ್ಮ ಮಾಮೂಲಿ ದನಿಯಲ್ಲಿ, “ಬನ್ನೀ ಸಾರ್! ಕಾಫಿ ಕುಡ್ಕೊಂಡ್ ಹೋಗಿ!” ಎಂದರು. ದೊಡ್ಡ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ರಜೆಯಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು. ಸದ್ದು ಕೇಳಿ ಎಡಗಡೆ ಮನೆಯವರು ಬಂದರು, ಬಲಗಡೆಯವರು ಬಂದರು. “ಸಾರ್ ಬಿಸ್ಲಲ್ ನಿಂತವ್ರೆ, ಚೇರ್ ಹಾಕ್ರೋ!” “ಮಜ್ಜಿಗೆ ಕೊಡ್ಲಾ ಸಾರ್!” “ಒಬ್ಬಟ್ಟೈತೆ, ತಿನ್ಲೇಬೇಕು!” ಸುತ್ತ ಸದ್ದಿಲ್ಲದ ಬೀದಿಯಲ್ಲಿ ಆ ದನಿಗಳು ಗೋಡೆಗೆ ಬಡಿದು ಎರಡರಷ್ಟಾದವು. ಡ್ರೈವರು ಕಾರನ್ನು ಹಿಂದಕ್ಕೆ ತಿರುಗಿಸಿಟ್ಟುಕೊಂಡ. ದೊಡ್ಡ ಸಾಹೇಬರು ಹಾರವನ್ನು ಗಟ್ಟಿಯಾಗಿ ಹಿಡಿದುಕೊಂಡು ಮೇಡಂ ಮರೆಗೆ ಬಂದರು. “ಇವರಿಗೆಲ್ಲ ನಮ್ಮ ಮೇಲೆ ಯಾಕಿಷ್ಟು ಸಿಟ್ಟು? ಪೊಲೀಸಿನವರಿಗೆ ಹೇಳಬೇಕಿತ್ತು.”

“ಸಿಟ್ಟಲ್ಲ ಸಾರ್, ಉಪಚಾರ!” ಎಂದು ಮೇಡಂ ಕೂಗಿದರು. ಅವರೂ ಹೆದರಿದ್ದರು, ಆದ್ದರಿಂದ ಅದು ಇನ್ನೂ ಜೋರಾಗಿತ್ತು.

ಆಗ ಪಕ್ಕದ ಮನೆಯೊಳಗಿಂದ ಟಕ್ ಟಕ್, ಟಕ್ ಟಕ್ ಎಂದು ಸದ್ದು ಬರತೊಡಗಿತು. ದೊಡ್ಡ ಸಾಹೇಬರು ಬಗ್ಗಿ ನೋಡಿದರು. ಬಾಣಂತಿಯೊಬ್ಬಳು ತೊಟ್ಟಿಲ ಪಕ್ಕ ಕೂತು ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಿದ್ದಳು. ಮಗು ಮಲಗಿರುವಾಗ ಇದೇನಮ್ಮಾ ಎಂದು ಅವರು ಗಾಬರಿಯಿಂದ ಕೇಳಿದರು. “ಮಗ್ಗ ನಿಂತ್ರೆ ಮಕ್ಳು ನಿದ್ದೆ ಮಾಡಲ್ಲ ಸಾರ್!” ಎಂದು ಆಕೆ ಕೂಗಿ ಹೇಳಿದಳು. “ಅಮಾಸೆ ಬಂದ್ರೆ ಹಿಂಗೇ, ತಟ್ಟೆ ಬಡೀಬೇಕು!” ಮಗು ಬಾಯಿ ತೆರೆದುಕೊಂಡು ಸೊಗಸಾಗಿ ಮಲಗಿತ್ತು. ದೊಡ್ಡ ಸಾಹೇಬರು ಬಹಳ ಹೊತ್ತು ಅದನ್ನೇ ನೋಡಿದರು. ಮೆಂಬರಿನ ಹಲ್ಲು ಒಳಗೆ ಹೋಯಿತು.

“ಆ ತೋಪು ಎಲ್ಲಿದೆ?” ಎಂದರು.

ಇಡೀ ಬೀದಿ ಅವರ ಹಿಂದೆ ಹೊರಟಿತು, ಕೂಗುತ್ತ, ದಾರಿ ತೋರಿಸುತ್ತ, ಅವರ ಮಕ್ಕಳು ಎಷ್ಟು ಜನ ಎಂದು ವಿಚಾರಿಸುತ್ತ. ಹೊಂಗೆಯ ನೆರಳು ಸಿಕ್ಕಿದ್ದೇ ತಡ, ಮಗ್ಗ ನಿಂತಿದ್ದರೂ, ಅಭ್ಯಾಸಬಲದಿಂದ ಎಲ್ಲರ ದನಿಯೂ ಒಟ್ಟಿಗೇ ಇಳಿಯಿತು. ದೊಡ್ಡ ಸಾಹೇಬರು ತಿರುಗಿ ನೋಡಿದರು, ಜನ ಹೊರಟುಹೋದರೇನೋ ಎಂದು. ಎಲ್ಲರೂ ಅಲ್ಲೇ ಇದ್ದರು. “ಈಗ್ಯಾಕೆ ಎಲ್ಲರೂ ಮೆಲ್ಲಗೆ ಮಾತಾಡ್ತಿದೀರಿ?” ಎಂದು ಅವರೂ ಮೆಲ್ಲಗೇ ಕೇಳಿದರು.

“ಇಲ್ಲಿ ಹಂಗೇ ಸಾರ್” ಎಂದರು ಅತ್ತಿಗೆ. “ಇಲ್ಲಿ ಕೂಗೋ ಹಂಗಿಲ್ಲ.” ಕೂಗಬಾರದೆಂದು ಅಲ್ಲಿ ಯಾರೂ ಯಾವತ್ತೂ ಹೇಳಿದವರಿಲ್ಲ.

ದೊಡ್ಡ ಸಾಹೇಬರು ಮುರುಕು ಕಟ್ಟೆಯ ಮೇಲೆ ಕೂತು ಒಬ್ಬಟ್ಟು ತಿಂದರು. ಎದ್ದಾಗ ಮೇಡಂಗೆ ಹೇಳಿದ್ದು ಇಷ್ಟೇ: “ಇಲ್ಲಿಗೆ ಬೆಂಚು ಸಾಕಾಗಲ್ಲ ಮೇಡಂ.” ಮೇಡಂ ಅವರ ಬೆಂಚಿನ ಪ್ರಶ್ನೆ ದೊಡ್ಡ ಸಾಹೇಬರ ಕಚೇರಿಯವರೆಗೂ ಹೋಗಿ ಮುಟ್ಟಿದೆಯೆಂದು ನಮಗೆ ಅಂದೇ ಗೊತ್ತಾಗಿದ್ದು. ಮುಟ್ಟದೆ ಏನು, ಆ ದನಿ ಎಲ್ಲಿಗೆ ಬೇಕಾದರೂ ಮುಟ್ಟುತ್ತಿತ್ತು.

ಅಲ್ಲಿಗೆ ಎಲ್ಲ ಸುಖವಾಯಿತೆಂದು ತಿಳಿಯಬೇಡಿ. ಮಂಜೂರಾತಿಗೆ ವರ್ಷಗಳು ಹಿಡಿದವು. ತೋಪಿನ ಒಂದು ಮೂಲೆ ನೀರಿನ ಟ್ಯಾಂಕಿಗೆ ಹೋಯಿತು, ಇನ್ನೊಂದು ಮೂಲೆಯಲ್ಲಿ ಮೆಂಬರು ಹಟಹಿಡಿದು ಕಾರಂಜಿ ಕಟ್ಟಿಸಿದ. ಅದರಲ್ಲಿ ಇವತ್ತಿನವರೆಗೆ ನೀರು ಬಂದಿಲ್ಲ. ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಬೋರ್ಡನ್ನು ಕಂಡ ಮೇಡಂ, “ನಡೀಬಾರ್ದು ಅಂದ್ರೆ? ಮೇಯ್ಬಹುದಾ?” ಎಂದು ಕಂಟ್ರಾಕ್ಟರನನ್ನು ಅಟ್ಟಾಡಿಸಿದರು. ಬೋರ್ಡು ಹೋಯಿತು. ಹೊಂಗೆ ಮರಗಳು ಉಳಿದವು. ಕಟ್ಟೆ ರಿಪೇರಿಯಾಯಿತು.

ಅಷ್ಟರಲ್ಲಿ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರಿಗೆ ಮೈಕು ಕೊಟ್ಟದ್ದು ನಾವು ಮಾಡಿದ ದೊಡ್ಡ ಅವಿವೇಕ. ಎದುರಿನ ಟೀ ಅಂಗಡಿಯ ಬ್ರೋಕರುಗಳು ಹಾರ ತಂದಿದ್ದರು, ನಿಜವಾಗಿಯೂ ಕಣ್ಣೀರು ಹಾಕಿದರು. ಆಮೇಲೆ ಹುಟ್ಟಿದ ಬೀದಿಗೇ ಹೋಗಿ ನೆಲೆಸಿದ ಮೇಡಂ ನನಗೆ ಆಗಾಗ ಫೋನ್ ಮಾಡುತ್ತಿದ್ದರು. ಮನೆಯಿಂದ ಮಾಡಿದರೆ ಫೋನನ್ನು ಮೇಜಿನ ಮೇಲಿಟ್ಟು ಕೇಳಿಸಿಕೊಳ್ಳಬಹುದಿತ್ತು. ತೋಪಿನಿಂದ ಮಾಡಿದರೆ ಮಾತ್ರ ಕಿವಿಗೆ ಒತ್ತಿಕೊಳ್ಳಬೇಕಾಗುತ್ತಿತ್ತು. ಹಾಗೆ ಒತ್ತಿಕೊಂಡು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯವರು ಹೇಳಿದ್ದನ್ನೂ ಅವರು ನನಗೆ ತಿಳಿಸಿದ್ದು ಅಲ್ಲಿಂದಲೇ.

ತಿಥಿಗೆ ಹೋಗಿದ್ದೆ. ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು, ಅವರ ಮನೆಯದು ಮಾತ್ರ ನಿಂತಿತ್ತು. “ಬೆಳಿಗ್ಗೆ ಕಾಫಿ ಕುಡ್ದಿದ್ರು!” “ಚೆನ್ನಾಗೇ ಇದ್ರು!” “ಇನ್ನೊಂದು ಕಜ್ಜಾಯ ಹಾಕ್ಸ್ಕಳಿ!” ಎಂದು ಎಲ್ಲರೂ ದುಃಖವನ್ನೂ ಊಟವನ್ನೂ ಒಟ್ಟಿಗೆ ಕೂಗುತ್ತಿದ್ದರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ಉಪಚರಿಸಿದರು. ಊಟ ಮುಗಿದು ನೆಂಟರು ಕರಗಿದ ಮೇಲೆ, ಸೀರೆ ಬಿಚ್ಚಿಟ್ಟು ನೈಟಿ ಹಾಕಿ, ಮೇಲೊಂದು ಟವೆಲ್ ಹೊದ್ದು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯಾಕೆಯ ಜೊತೆ ಹೊರಟರು. ಎಲ್ಲಿಗೆಂದು ಗೊತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು, ನಾನೂ ಹೋದೆ.

ಅವರು ಹೊಂಗೆಯ ಕೆಳಗೆ ಕಟ್ಟೆಯ ಮೇಲೆ ಕೂತರು. ನಾನು ಪಕ್ಕದ ಬೆಂಚಿನಲ್ಲಿ ಕೂತೆ. ಅತ್ತಿಗೆ ಆಕೆಯ ಕಡೆ ಬಾಗಿ ಏನೋ ಹೇಳತೊಡಗಿದರು. ಮೇಡಂ ವಿಷಯವೇ ಇರಬೇಕು, ನಡುವೆ ಒಮ್ಮೆ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು, ಆಮೇಲೆ ಇಬ್ಬರೂ ನಕ್ಕರು, ಮತ್ತೆ ಕಣ್ಣೊರೆಸಿಕೊಂಡರು. ನನಗೆ ಕೆಟ್ಟ ಕುತೂಹಲ. ಬೆಂಚಿನ ತುದಿಗೆ ಸರಿದು ಕಿವಿಗೊಟ್ಟು ಕೂತೆ. ಒಂದು ಮಾತೂ ಕೇಳಿಸಲಿಲ್ಲ.